ಒಬ್ಬರನ್ನಾದರೂ ತೋರಿಸಿ

"ಒಬ್ಬರನ್ನಾದ್ರೂ ತೋರಿಸಿ ಅಕ್ಕ," ಎಂದ ಸಮೀಕ್ಷೆಯವನು. "ಬಡಪಾಯಿಯನ್ನ ಬಳಸ್ತಾರೆ, ಆದ್ರೆ ಸಮೀಕ್ಷೆಗೆ ಬೇಡ ಅಂತಾರೆ. ಅಂಥವರು ಒಬ್ಬರು ಸಾಕು."

ಹೇಳುವಾಗ ಅವನ ಕಣ್ಣು ಮೇಜಿನ ಮೇಲಿತ್ತು.

ಕಂಪ್ಯೂಟರ್ ಆಟಗಳನ್ನು ಮಾರುವ ಕಂಪನಿ ಅದು. ಗಿರಾಕಿಯ ಪರದೆಯ ಮೇಲೆ ತಿಂಗಳಿಗೊಮ್ಮೆ ಪುಟ್ಟ ಕಿಟಕಿಯೊಂದು ತೆರೆದುಕೊಳ್ಳುತ್ತದೆ: ನಿಮ್ಮ ಯಂತ್ರದ ವಿವರ ಕಳಿಸಬಹುದೇ? 'ಆಗಲಿ' ಎಂದವರು ಲೆಕ್ಕಕ್ಕೆ ಸಿಗುತ್ತಾರೆ, 'ಬೇಡ' ಎಂದವರು ಸಿಗುವುದಿಲ್ಲ. ಯಾವ ಆಪರೇಟಿಂಗ್ ಸಿಸ್ಟಮ್ ಎಷ್ಟು ಜನರ ಬಳಿ ಇದೆ ಎಂದು ಕಂಪನಿಗೆ ಹೇಳುವುದು ಈ ಸಮೀಕ್ಷೆಯೇ. ಅದನ್ನು ಕಟ್ಟಿದವನು ಅವನು. ಕಚೇರಿಯವರು 'ಬಡಪಾಯಿ' ಎಂದು ಕರೆಯುತ್ತಿದ್ದ ಸಣ್ಣ ಸಿಸ್ಟಮ್ ಈ ಸಲ ನೂರಕ್ಕೆ ಒಂದಕ್ಕಿಂತ ಕೆಳಗಿಳಿದಿತ್ತು. ಆ ಸಿಸ್ಟಮ್‌ಗೆ ಆಟಗಳನ್ನು ಹೊಂದಿಸುವ ವಿಭಾಗವನ್ನು ಮುಚ್ಚುವುದೋ ಬೇಡವೋ ಎಂಬುದು ಇವತ್ತಿನ ಸಭೆಯ ಮಾತು. ಆ ವಿಭಾಗವೆಂದರೆ ಅಕ್ಕ ಒಬ್ಬಳೇ, ಹನ್ನೊಂದು ವರ್ಷದಿಂದ.

"ಹೇಗಪ್ಪಾ ತೋರಿಸಲಿ?" ಎಂದಳು ಅಕ್ಕ. "ತಮ್ಮ ವಿಷಯ ಬೇರೆಯವರಿಗೆ ಹೋಗಬಾರ್ದು ಅನ್ನೋರೇ ಅದನ್ನ ಹಾಕಿಸ್ಕೊಳ್ಳೋದು. ಕೇಳಿದ ತಕ್ಷಣ ಬೇಡ ಅಂತಾರೆ. ಬರದೇ ಇರೋರು ಕೈ ಎತ್ತಿ ಅಂದ ಹಾಗಾಯ್ತು ಇದು."

ಯಾರೋ ಕಿಸಕ್ಕೆಂದರು. ಮೇಲಧಿಕಾರಿ ನಗದೆ ಸಮೀಕ್ಷೆಯವನತ್ತ ತಿರುಗಿದರು. "ನೀವೇನಂತೀರಿ? ಬೇಡ ಅನ್ನೋರು ಎಲ್ಲ ಸಿಸ್ಟಮ್‌ನಲ್ಲೂ ಒಂದೇ ಸಮ ಇರ್ತಾರಾ?"

"ಇರ್ತಾರೆ ಸರ್. ಸಮೀಕ್ಷೆಯನ್ನ ನಂಬಬಹುದು."

ಅಷ್ಟೇ. ಹನ್ನೊಂದು ವರ್ಷದ ಕೆಲಸ ಹತ್ತು ನಿಮಿಷದಲ್ಲಿ ಮುಗಿಯಿತು.

ಅಕ್ಕ ತನ್ನ ಕೀಬೋರ್ಡು, ಕನ್ನಡಕದ ಡಬ್ಬಿಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದಳು. ಅವನು ಕಂಡೂ ಕಾಣದಂತೆ ದಾಟಿಹೋಗಲು ನೋಡಿದ. ಎರಡು ವರ್ಷದ ಹಿಂದೆ ಅವನ ಮನೆಯ ಮೂಲೆಗೆ ಬಿದ್ದಿದ್ದ ಕಂಪ್ಯೂಟರಿಗೆ ಭಾನುವಾರವಿಡೀ ಕೂತು ಜೀವ ಕೊಟ್ಟವಳು ಇದೇ ಅಕ್ಕ.

"ಮನೆ ಯಂತ್ರ ಓಡ್ತಿದೆಯೇನಪ್ಪಾ?" ಎಂದು ಕರೆದು ಕೇಳಿದಳು.

"ಓಡ್ತಿದೆ ಅಕ್ಕ. ಒಂದು ದಿನಾನೂ ಕೈ ಕೊಟ್ಟಿಲ್ಲ."

"ಅಷ್ಟು ಸಾಕು ಬಿಡು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಭೂಮಿ ಬಾಯಿ ಬಿಡಬಾರದೇ ಎನಿಸುವಷ್ಟು ನಾಚಿಕೆಯಾಯಿತು. ಪೆಟ್ಟಿಗೆಯನ್ನು ಬಾಗಿಲವರೆಗೆ ಹೊತ್ತು ಕೊಟ್ಟ.

ಸಂಜೆ ಮನೆಗೆ ಬಂದು ಅದೇ ಕಂಪ್ಯೂಟರಿನ ಮುಂದೆ ಕೂತ. ಮಗಳು ಅವನ ಹೆಗಲ ಮೇಲಿಂದ ಇಣುಕಿದಳು.

"ಅಪ್ಪಾ, ನೀನು ಮಾಡಿದ ಕಿಟಕಿ ಬಂತು ನೋಡು! ನಮ್ಮನೆ ವಿಷಯ ಅವರಿಗ್ಯಾಕೆ ಅಂತೀಯಲ್ಲ, ಈ ಸಲಾನೂ ಅಷ್ಟೇನಾ?"

ಅಕ್ಕ ಹಾಕಿಕೊಟ್ಟಿದ್ದ ಬಡಪಾಯಿಯ ಪರದೆಯ ಮೇಲೆ, ಎರಡು ವರ್ಷದಿಂದ ಪ್ರತಿ ತಿಂಗಳೂ ಒತ್ತುತ್ತಿದ್ದಂತೆ, ಅವನು 'ಬೇಡ' ಒತ್ತಿದ.