ಟ್ರಾಮಿನ ಗಂಟೆಗೆ ಗಿರಾಕಿ

“ನೀವು ಬರೆದಿರೋ ಇಸವಿ ತಪ್ಪು, ನಿಬಿಯಾ ಅವ್ರೇ,” ಎಂದು ಟೆಚೆರಾ ಮೂರನೆಯ ಸಲ ಹೇಳಿದ. “ಸಾವಿರದ ಒಂಬೈನೂರ ಎರಡರಲ್ಲಿ ಮೊಂತೆವಿದೇಯೊದ ಟ್ರಾಮನ್ನ ಕುದುರೆ ಎಳೀತಿತ್ತು. ಇದು ಕರೆಂಟಿನ ಟ್ರಾಮಿನ ಗಂಟೆ. ತಿಳಿದೋರು ನೋಡಿದ್ರೆ ನಗ್ತಾರೆ.”

“ನಗಲಿ ಬಿಡಿ. ನಗೋಕಾದ್ರೂ ಬರ್ಲಿ.”

ಅವಳು ಬರುವ ಮೊದಲು ಟೆಚೆರಾನ ಹರಾಜು ತಾಣಕ್ಕೆ ನಗುವುದಕ್ಕೂ ಜನ ಬರುತ್ತಿರಲಿಲ್ಲ. ಮೂವತ್ತೈದು ವರ್ಷ ಹಳೇ ಪೇಟೆಯ ಹರಾಜುಕಟ್ಟೆಗಳಲ್ಲಿ ನಿಂತು ಬೆಲೆ ಕೂಗಿದವನು ಅವನು. ಕಟ್ಟೆಗಳು ಒಂದೊಂದಾಗಿ ಮುಚ್ಚಿದ ಮೇಲೆ ಇಂಟರ್ನೆಟ್ಟಿನಲ್ಲಿ ಒಂದು ಹರಾಜು ತಾಣ ತೆರೆದು, ಅದಕ್ಕೆ ‘ಪುಟ್ಟ ಸುತ್ತಿಗೆ’ ಎಂದು ಹೆಸರಿಟ್ಟಿದ್ದ. ಜನವೆಲ್ಲ ಇನ್ನೊಂದು ದೊಡ್ಡ ತಾಣದಲ್ಲಿತ್ತು. ಇವನ ಪಾಲಿಗೆ ಬಂದವರು ನಾಲ್ಕು ಮಂದಿ ನಿವೃತ್ತರು, ಇಬ್ಬರು ಅಂಚೆಚೀಟಿ ಹುಚ್ಚರು. ವರ್ಷದ ಕೊನೆಗೆ ಮುಚ್ಚಿಬಿಡುವುದೆಂದು ಅವನು ಮನಸ್ಸಿನಲ್ಲೇ ತೀರ್ಮಾನಿಸಿಯೂ ಆಗಿತ್ತು.

ಅಷ್ಟರಲ್ಲಿ, ಮಾರ್ಚಿನಲ್ಲಿ, ನಿಬಿಯಾ ಬಂದಳು. ಅರವತ್ತರ ಹತ್ತಿರದ ಹೆಂಗಸು. ತೊಡೆಯ ಮೇಲೊಂದು ರಟ್ಟಿನ ಪೆಟ್ಟಿಗೆ.

“ನಮ್ಮನೆಯವ್ರು, ಎಲ್ವಿಯೋ, ಹೋಗಿ ಮೂರು ವರ್ಷ ಆಯ್ತು,” ಎಂದಳು. “ಅವರು ಕೂಡಿಟ್ಟ ಟ್ರಾಮಿನ ಸಾಮಾನು ಹಾಗೇ ಬಿದ್ದಿದೆ.”

ಟೆಚೆರಾ ಟೋಪಿ ತೆಗೆದು ಎರಡು ಸಮಾಧಾನದ ಮಾತು ಹೇಳಿದ. ಅವಳು ಅವನನ್ನೇ ಒಂದು ಗಳಿಗೆ ನೋಡಿ, ಆಗಲಿ ಎಂಬಂತೆ ತಲೆಯಾಡಿಸಿದಳು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: ಕೊಂಡವರ ವಿಳಾಸ ಮಾರಿದವರಿಗೆ ಸಿಗುತ್ತದೆಯೇ?

ಅವನಿಗೆ ಹೆಮ್ಮೆ ಉಕ್ಕಿತು. ದೊಡ್ಡ ತಾಣದಲ್ಲಿ ಸಾಮಾನನ್ನು ಅವರದೇ ಗಾಡಿ ಒಯ್ಯುತ್ತದೆ, ಕೊಂಡವನು ಯಾರೋ ಮಾರಿದವನು ಯಾರೋ. ಇಲ್ಲಿ ಹಾಗಲ್ಲ, ನೀವೇ ಕಟ್ಟಿ ನೀವೇ ಕಳಿಸಬೇಕು, ಆದ್ದರಿಂದ ಹೆಸರು ವಿಳಾಸ ನಿಮ್ಮ ಕೈಗೇ ಬರುತ್ತದೆ ಎಂದು ವಿವರಿಸಿದ. ಆದರೂ ಸುಳ್ಳು ಹೇಳಲು ಮನಸ್ಸಾಗದೆ, ಅಲ್ಲಿಟ್ಟರೆ ಹೆಚ್ಚು ಬೆಲೆ ಬಂದೀತು ಎಂದೂ ಸೇರಿಸಿದ. ಅವಳು ಬೇಡವೆಂದಳು. ಕೊಳ್ಳುವವರ ಮುಖ ತಿಳಿಯಬೇಕೆನ್ನುವ ಮನುಷ್ಯರು ಇನ್ನೂ ಇದ್ದಾರಲ್ಲ ಎನ್ನಿಸಿ ಅವನು ಪೆಟ್ಟಿಗೆಯನ್ನು ತಾನೇ ಎತ್ತಿ ಮೇಜಿನ ಮೇಲಿಟ್ಟ.

ಗಿರಾಕಿಗಳನ್ನು ತರುವ ಕೆಲಸವನ್ನು ಅವಳು ತಾನೇ ಮೈಮೇಲೆ ಹಾಕಿಕೊಂಡಳು. ಪ್ರತಿ ಭಾನುವಾರ ಕಂಕುಳಲ್ಲಿ ಮಾತೆ ಎಂಬ ಎಲೆ-ಕಷಾಯಕ್ಕೆ ಬೇಕಾದ ಬಿಸಿನೀರಿನ ಫ್ಲಾಸ್ಕು ಇಟ್ಟುಕೊಂಡು ತ್ರಿಸ್ತಾನ್ ನರ್ವಾಹಾ ಸಂತೆಯಲ್ಲಿ ಚೀಟಿ ಹಂಚಿದಳು. ಹಳೇ ಟ್ರಾಮ್ ನೌಕರರ ಕೂಟಕ್ಕೆ ಹೋಗಿ ಬಂದಳು. ಸಾಲ್ತೊ, ರೋಚಾ, ಮಿನಾಸ್ ಎಂದು ಊರೂರಿನ ಸಂಗ್ರಾಹಕರ ಸಂಘಗಳಿಗೆ ಕಾಗದ ಬರೆದಳು. ಗುಂಪು ಬೇಡ, ಹುಚ್ಚಿರುವವರು ನಾಲ್ಕು ಜನ ಸಾಕು ಎನ್ನುವುದು ಅವಳ ಲೆಕ್ಕ. ಎಲ್ಲವನ್ನೂ ಒಟ್ಟಿಗೆ ಹರಾಜಿಗಿಡೋಣ ಎಂದು ಟೆಚೆರಾ ಹೇಳಿದರೆ ಒಪ್ಪಲಿಲ್ಲ. ವಾರಕ್ಕೊಂದೇ.

ಜನ ಬರತೊಡಗಿದರು. ಕಂಡಕ್ಟರನ ಟೋಪಿ ಹೋಯಿತು. ಬಿಲ್ಲೆಗಳು ಹೋದವು. ಟಿಕೆಟ್ಟಿನ ಕಟ್ಟಿಗಂತೂ ಐದು ಮಂದಿ ಜಗಳಕ್ಕೆ ಬಿದ್ದಂತೆ ಬೆಲೆ ಏರಿಸಿದರು. ಟೆಚೆರಾ ಪ್ರತಿ ಸಲ ಹುರುಪಿನಿಂದ ಸುದ್ದಿ ತರುತ್ತಿದ್ದ. ಅವಳು ಕೊಂಡವರ ವಿಳಾಸ ಓದಿ, ನಿಟ್ಟುಸಿರು ಬಿಟ್ಟು, ಸಾಮಾನಿಗೆ ಕಾಗದ ಸುತ್ತಲು ಕೂರುತ್ತಿದ್ದಳು. ಮಳೆಗಾಲದ ನಾಯಿಯಂತೆ ಸೋತ ಮುಖ. ಗಂಡನ ಒಂದೊಂದೇ ವಸ್ತು ಕೈಬಿಡುವ ಸಂಕಟ ಇರಬೇಕು ಎಂದುಕೊಂಡು ಅವನು ದಾರದ ಉಂಡೆಯನ್ನು ಅವಳತ್ತ ಸರಿಸುತ್ತಿದ್ದ.

ಕೊನೆಗೆ ಉಳಿದದ್ದು ಈ ಗಂಟೆ. ತಪ್ಪು ಇಸವಿಯೊಡನೆಯೇ ಹರಾಜಿಗೆ ಬಂತು.

ನಾಲ್ಕನೆಯ ದಿನ ಗ್ರಸಿಯೇಲಾ ಎಂಬ ಹೆಸರಿನಲ್ಲಿ ಒಂದು ಸಂದೇಶ ಬಂತು. “ಇದು ೧೯೦೨ರದ್ದಲ್ಲ, ೧೯೨೬ರದ್ದು. ಗೊತ್ತಿಲ್ಲದಿದ್ದರೆ ಬರೆಯಬೇಡಿ. ಒಳಗಿನ ತಿರುಪೂ ಮೂಲದ್ದಲ್ಲ, ಸೈಕಲ್ಲಿನದು.”

ನಿಬಿಯಾ ಎರಡು ಸಲ ಓದಿದಳು. ಕನ್ನಡಕ ತೆಗೆದು ಅಂಗೈಯಿಂದ ಕಣ್ಣು ಮುಚ್ಚಿಕೊಂಡಳು.

“ಫೋಟೋದಲ್ಲಿ ಒಳಭಾಗ ಕಾಣೋದೇ ಇಲ್ಲ,” ಎಂದ ಟೆಚೆರಾ. “ಎಂಥಾ ಪರಿಣತರು ಬರ್ತಿದಾರೆ ನೋಡಿ ನಮ್ಮಲ್ಲಿಗೆ.”

“ಹೌದು,” ಎಂದಳು. “ಇಂಥೋರಿಗೇ ಕಾಯ್ತಿದ್ದೆ.”

ಗಂಟೆ ಗ್ರಸಿಯೇಲಾಗೇ ಸಂದಿತು. ವಿಳಾಸ ಮಿನಾಸ್ ಪಟ್ಟಣದ್ದು. ಇದೊಂದನ್ನು ಅಂಚೆಗೆ ಹಾಕುವುದಿಲ್ಲ, ಕೈಯಾರೆ ಕೊಟ್ಟು ಬರುತ್ತೇನೆ ಎಂದು ನಿಬಿಯಾ ಹಟ ಹಿಡಿದಳು. ಟೆಚೆರಾ ತನ್ನ ಹಳೇ ವ್ಯಾನು ಹೊರಡಿಸಿದ.

ದಾರಿಯುದ್ದಕ್ಕೂ ಅವಳು ಮಾತೆ ತುಂಬಿ ತುಂಬಿ ಕೊಟ್ಟಳೇ ಹೊರತು ಮಾತಾಡಿದ್ದು ಕಡಿಮೆ. ಅವನ ಬಾಯಲ್ಲಿ ಮಾತ್ರ ಒಂದು ಮಾತು ಸಿದ್ಧವಾಗಿತ್ತು: ಭಾನುವಾರ ನಮ್ಮ ಮನೆಗೆ ಊಟಕ್ಕೆ ಬನ್ನಿ, ಇಬ್ಬರೂ ಒಂಟಿ, ಒಟ್ಟಿಗೆ ಕೂತು ತಿಂದರೆ ತಪ್ಪೇನು? ಸತ್ತವರ ನೆನಪಿನ ಕೊನೆಯ ವಸ್ತುವನ್ನು ಒಪ್ಪಿಸಲು ಹೊರಟಿರುವಾಗ ಕೇಳುವುದು ಸರಿಯಲ್ಲವೆನಿಸಿ, ಬರುವಾಗ ಕೇಳಿದರಾಯಿತು ಎಂದು ನುಂಗಿಕೊಂಡ.

ಹಸಿರು ಬಾಗಿಲು. ಕೈಗೆಲ್ಲ ಹಿಟ್ಟು ಮೆತ್ತಿಕೊಂಡ ಹೆಂಗಸೊಬ್ಬಳು ತೆರೆದು, ಪೆಟ್ಟಿಗೆ ಕಂಡು ಮುಖ ಅರಳಿಸಿದಳು. ತಾನೇ ಗ್ರಸಿಯೇಲಾ ಎಂದಳು. ಒಳಗಿನಿಂದ ಗಂಡಸಿನ ದನಿ, ಗಂಟೆ ಬಂತಾ ಎಂದು ಕೇಳಿತು. ದನಿಯ ಹಿಂದೆಯೇ ಬನಿಯನ್ನು ತೊಟ್ಟ ಮುದುಕನೊಬ್ಬ ಚಪ್ಪಲಿ ಎಳೆಯುತ್ತ ಬಂದ. ಪೆಟ್ಟಿಗೆ ನೋಡಿದ. ಅದನ್ನು ಹಿಡಿದವಳನ್ನು ನೋಡಿದ. ಗೋಡೆ ಹಿಡಿದುಕೊಂಡ.

ನಿಬಿಯಾ ಪೆಟ್ಟಿಗೆಯನ್ನು ಟೆಚೆರಾನ ಕೈಗಿತ್ತು, ಕೋಟಿನ ಜೇಬಿನಿಂದ ಮಡಿಸಿದ ಕಾಗದವನ್ನೂ ಪೆನ್ನನ್ನೂ ತೆಗೆದಳು.

“ವಿಳಾಸ ಹೇಳದೆ ಓಡಿಹೋದೋನನ್ನ ಹುಡುಕೋದು ಎಷ್ಟು ಸುಸ್ತಿನ ಕೆಲಸ ಅಂತ ನಿಂಗೆ ಗೊತ್ತಿಲ್ಲ, ಎಲ್ವಿಯೋ. ಇದು ವಿಚ್ಛೇದನದ ಕಾಗದ. ಸಹಿ ಹಾಕು, ಗಂಟೆ ತಗೋ.”