ಸೊಳ್ಳೆಯಣ್ಣನ ಕೈಗುಣ

"ಕೊಡೋ ಮನಸ್ಸಿಲ್ಲದಿದ್ರೆ ಮೊದಲೇ ಹೇಳಿಬಿಡಬಹುದಿತ್ತಲ್ಲ ಅಕ್ಕಾ," ಎಂದಳು ತಮ್ಮನ ಹೆಂಡತಿ, ಆಸ್ಪತ್ರೆಯ ಕಾರಿಡಾರಿನಲ್ಲಿ, ಹತ್ತು ಜನರ ಎದುರಿಗೆ. "ಇರೋ ಕಾಯಿಲೆ ಮುಚ್ಚಿಟ್ಟು ಇಲ್ಲೀವರೆಗೂ ನಮಗೆ ಆಸೆ ತೋರಿಸಬೇಕಿತ್ತಾ?"

ಟೈಲರಕ್ಕನ ಮೈಯೆಲ್ಲ ಉರಿದುಹೋಯಿತು. ಮುಚ್ಚಿಟ್ಟಳಂತೆ! ತಮ್ಮನಿಗೆ ತನ್ನದೊಂದು ಕಿಡ್ನಿ ಕೊಡುತ್ತೇನೆಂದು ಯಾರೂ ಕೇಳುವ ಮೊದಲೇ ಮುಂದೆ ಬಂದವಳು ಅವಳು. ಗಂಡ ಗೊಣಗಿದ್ದನ್ನು ಕಿವಿಗೇ ಹಾಕಿಕೊಳ್ಳದೆ ಹೊಲಿಗೆ ಅಂಗಡಿಗೆ ಬೀಗ ಜಡಿದು ಬಂದಿದ್ದಳು. ಎಲ್ಲ ಪರೀಕ್ಷೆಯೂ ಸರಿಬಂದು, ಇನ್ನೇನು ಆಪರೇಷನ್ನಿಗೆ ದಿನ ಗೊತ್ತುಮಾಡಬೇಕು ಎನ್ನುವಾಗ ಕೊನೆಯ ರಕ್ತಪರೀಕ್ಷೆ ಕೈಕೊಟ್ಟಿತ್ತು. ಪೊಟ್ಯಾಸಿಯಂ ಎಲ್ಲಿಗೋ ಏರಿ ಕೂತಿದೆ, ಇವರ ಕಿಡ್ನಿಯಲ್ಲೇ ಏನೋ ದೋಷವಿರಬೇಕು, ಸದ್ಯಕ್ಕೆ ಇವರು ಬೇಡ ಎಂದು ದೊಡ್ಡ ಡಾಕ್ಟರು ಹೇಳಿಹೋಗಿದ್ದರು. ಒಳಗೆ ಡಯಾಲಿಸಿಸ್ ಹಾಸಿಗೆಯಲ್ಲಿದ್ದ ತಮ್ಮ ಅಕ್ಕನ ಮುಖ ನೋಡದೆ ಗೋಡೆಯ ಕಡೆ ಹೊರಳಿಕೊಂಡಿದ್ದ. ಅವನ ಹೆಂಡತಿ ಆಡಿದ ಮಾತಾದರೂ ಸಹಿಸಬಹುದಿತ್ತು, ಆ ಬೆನ್ನನ್ನು ನೋಡಲು ಅವಳಿಂದಾಗಲಿಲ್ಲ.

ದಡದಡ ಮೆಟ್ಟಿಲಿಳಿದು ಲ್ಯಾಬಿನ ಬಾಗಿಲಲ್ಲಿ ನಿಂತವಳೇ ದನಿಯೇರಿಸಿದಳು. "ಯಾವಳದೋ ರಕ್ತಕ್ಕೆ ನನ್ನ ಹೆಸರು ಅಂಟಿಸಿದ್ದೀರಿ! ನನ್ನ ಕಿಡ್ನಿಗೇನು ಬಂದಿದೆ ರೋಗ? ಕಲ್ಲುಗುಂಡಿನ ಹಾಗಿದ್ದೀನಿ!"

ಲ್ಯಾಬಿನ ಡಾಕ್ಟರಮ್ಮ ಕನ್ನಡಕ ತೆಗೆದು ಎದ್ದು ಬಂದರು. "ಸಮಾಧಾನ ಮಾಡ್ಕೊಳಿ ಅಮ್ಮಾ. ನಿಮ್ಮ ರಕ್ತ ತೆಗೆದದ್ದು ಯಾರು?"

ಅವಳು ಮೂಲೆಯಲ್ಲಿ ಟ್ಯೂಬು ಜೋಡಿಸುತ್ತಿದ್ದವನ ಕಡೆ ಕೈ ತೋರಿದಳು. ಇಡೀ ಆಸ್ಪತ್ರೆಗೆ ಅವನು ಸೊಳ್ಳೆಯಣ್ಣ. ಸೊಳ್ಳೆ ಕಚ್ಚಿದಷ್ಟೂ ಗೊತ್ತಾಗದ ಹಾಗೆ ಸೂಜಿ ಹಾಕುತ್ತಾನೆ, ಒಬ್ಬರಿಗೆ ಎರಡನೇ ಸಲ ಚುಚ್ಚಿದವನೇ ಅಲ್ಲ ಎಂದು ಖ್ಯಾತಿ. ಕೆಲವರಂತೂ ಅವನು ಊಟ ಮುಗಿಸಿ ಬರುವ ತನಕ ಕಾದು ಕೂತು ಅವನಿಗೇ ಕೈಯೊಡ್ಡಿ ಹೋಗುತ್ತಿದ್ದರು.

"ಇವರೇ. ಆದ್ರೆ ಇವರಿಗೆ ಏನೂ ಅನ್ನಬೇಡಿ, ಪಾಪ, ದೇವರಂಥ ಮನುಷ್ಯ," ಎಂದಳು ಟೈಲರಕ್ಕ. "ನನ್ನ ನರದಿಂದ ರಕ್ತ ಬರೋದು ಅರ್ಧಕ್ಕೇ ನಿಂತುಹೋಯ್ತು. ನೇರಳೆ ಮುಚ್ಚಳದ ಟ್ಯೂಬು ತುಂಬಿತ್ತು, ಹಳದಿ ಮುಚ್ಚಳದ್ದಕ್ಕೆ ಸಾಲಲಿಲ್ಲ. ಮತ್ತೆ ಚುಚ್ಚೋದು ಯಾಕೆ ಅಂತ ಇವರೇ ಅದರಿಂದ ಇದಕ್ಕೆ ಒಂಚೂರು ಸುರಿದುಕೊಂಡ್ರು. ಬೇರೆಯವರಾಗಿದ್ರೆ ನನ್ನ ಎರಡೂ ಕೈ ಜರಡಿ ಮಾಡಿರೋರು."

ಡಾಕ್ಟರಮ್ಮನ ಮುಖ ಬಿಗಿಯಿತು. ಅವರು ಅವಳನ್ನು ಬಿಟ್ಟು ಅವನ ಕಡೆ ತಿರುಗಿದರು.

"ಸುರಿದ್ರಾ?"

ಸೊಳ್ಳೆಯಣ್ಣ ಕೈಯಲ್ಲಿದ್ದ ಟ್ಯೂಬನ್ನು ಕೆಳಗಿಟ್ಟು ತಲೆಯಾಡಿಸಿದ.

"ನೇರಳೆ ಟ್ಯೂಬಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಔಷಧಿ ಹಾಕಿರ್ತಾರೆ. ಆ ಔಷಧೀಲೇ ಪೊಟ್ಯಾಸಿಯಂ ಇದೆ. ಅದನ್ನ ತಂದು ಹಳದಿಗೆ ಬೆರೆಸಿದ್ರೆ ಮಿಷಿನ್ನು ಟ್ಯೂಬಿನ ಔಷಧೀನ ಸೇರಿಸಿ ಅಳೆಯುತ್ತೆ. ಇವರ ಕಿಡ್ನಿಗೂ ಅದಕ್ಕೂ ಏನು ಸಂಬಂಧ? ಇದು ನಿಮಗೆ ಗೊತ್ತಿಲ್ವಾ?"

"ಗೊತ್ತು ಮೇಡಂ. ಒಂದು ಚೂರಲ್ವಾ, ಏನಾಗುತ್ತೆ ಅಂತ..." ಅವನು ಎಂಜಲು ನುಂಗಿದ. "ಪಾಪ, ಅಕ್ಕನಿಗೆ ಮತ್ತೆ ನೋವಾಗುತ್ತಲ್ಲಾ ಅಂತ."

ಟೈಲರಕ್ಕನಿಗೆ ವಿಷಯ ತಲೆಗೆ ಹತ್ತಲು ಒಂದು ಗಳಿಗೆ ಬೇಕಾಯಿತು. ಹತ್ತಿದ ಮೇಲೆ ಅವಳ ಬಾಯಿಗೆ ತಡೆಯಿರಲಿಲ್ಲ.

"ನನಗೆ ನೋವಾಗುತ್ತೆ ಅಂತಲಾ? ನಾನು ಟೈಲರು ಕಣ್ರೀ! ಸೂಜಿ ದಿನಾ ನನ್ನ ಬೆರಳಲ್ಲೇ ಇರುತ್ತೆ. ನನ್ನ ನೋವಿನ ಹೆಸರು ಹೇಳಬೇಡಿ. ಎರಡನೇ ಸಲ ಚುಚ್ಚಿದ್ರೆ ಸೊಳ್ಳೆಯಣ್ಣನ ಮರ್ಯಾದೆ ಹೋಗ್ತಿತ್ತು, ಅಷ್ಟೇ ತಾನೇ? ನಿಮ್ಮ ಮರ್ಯಾದೆ ಉಳೀತು. ನನ್ನದು ಮೇಲೆ ಕಾರಿಡಾರಲ್ಲಿ ಹರಾಜಾಯ್ತು! ಕಳ್ಳಿ ಅನ್ನಿಸಿಕೊಂಡೆ. ನನ್ನ ತಮ್ಮ... ನಾನು ಎತ್ತಿ ಆಡಿಸಿದ ಹುಡುಗ, ನನ್ನ ಮುಖ ನೋಡ್ತಿಲ್ಲ. ಅವನು ಅಲ್ಲೇ ಸತ್ತಿದ್ರೂ ನಿಮ್ಮ ಕೈಗುಣ ದೊಡ್ಡದು ಅಂತ ಹೇಳಿಕೊಂಡು ತಿರುಗ್ತಿದ್ದೆನಲ್ಲ ನಾನು, ನನ್ನ ಬಾಯಿಗಿಷ್ಟು ಮಣ್ಣು ಹಾಕ!"

ಅಳುವುದು ಬೇಡವೆಂದು ಮೂಗು ಒರೆಸಿಕೊಂಡಳು.

"ನಾನೇ ಮೇಲೆ ಹೋಗಿ ಎಲ್ಲರ ಎದುರಿಗೂ ಹೇಳ್ತೀನಿ," ಎಂದರು ಡಾಕ್ಟರಮ್ಮ. "ಆದ್ರೆ ಇನ್ನೊಂದು ಸಲ ರಕ್ತ ಕೊಡಬೇಕಾಗುತ್ತೆ ಅಮ್ಮಾ. ಬೇರೆ ಯಾರನ್ನಾದ್ರೂ ಕರೀತೀನಿ."

"ಯಾರೂ ಬೇಡ. ಇವರೇ ತೆಗೀಲಿ."

ಅವಳು ಕುರ್ಚಿಯಲ್ಲಿ ಕೂತು ರವಿಕೆಯ ತೋಳು ಮೇಲೇರಿಸಿ ಎಡಗೈ ಚಾಚಿದಳು. ಸೊಳ್ಳೆಯಣ್ಣ ಪಟ್ಟಿ ಬಿಗಿದ, ನರ ತಡವಿದ, ಹಳದಿ ಮುಚ್ಚಳದ ಹೊಸ ಟ್ಯೂಬು ಎತ್ತಿಕೊಂಡ. ಸೂಜಿ ಒಳಗೆ ಹೋಯಿತು. ಟ್ಯೂಬಿಗೆ ಒಂದು ಹನಿಯೂ ಬೀಳಲಿಲ್ಲ. ಎಂದೂ ಗುರಿ ತಪ್ಪದ ಸೂಜಿಗೆ ನರ ಸಿಕ್ಕಿರಲಿಲ್ಲ. ಸೂಜಿ ಹೊರಗೆಳೆದು, ಹತ್ತಿ ಒತ್ತಿ, ಅವನು ತಲೆ ತಗ್ಗಿಸಿಕೊಂಡು ನಿಂತುಬಿಟ್ಟ.

ಟೈಲರಕ್ಕ ಬಲಗೈಯ ತೋಳನ್ನೂ ಮೇಲೇರಿಸಿ ಆ ಕೈಯನ್ನು ಅವನ ಮೂಗಿನ ಕೆಳಗೆ ಹಿಡಿದಳು.

"ಹೊಟ್ಟೆ ಕೊಯ್ಸಿಕೊಳ್ಳೋಕೆ ಬಂದೋಳು ನಾನು," ಎಂದಳು. "ಚುಚ್ರೀ, ಎರಡನೇ ಸಲ."