ಮತ್ಸ್ಯಕನ್ಯೆಯ ಕೈಯಲ್ಲಿದ್ದವನು

“ಇವಳು ಎಳೆದುಕೊಂಡು ಹೋಗುತ್ತಿದ್ದಾಳಲ್ಲ, ಅವನ ಮುಖ ಹೇಗಿದೆ?” ಎಂದು ಹಾಜಿ ಮುಬಾರಕ್ ಕೇಳಿದರು. ಹರೆಯದಲ್ಲಿ ಮುತ್ತಿಗಾಗಿ ಕಡಲಲ್ಲಿ ಮುಳುಗು ಹಾಕುತ್ತಿದ್ದ ಅವರ ಕಣ್ಣು ಈಗ ಪೂರ್ತಿ ಮಂಜಾಗಿತ್ತು.

ಕೊಲ್ಲಿ ನಾಡಿನ ಮುಹರ್ರಕ್ ಪಟ್ಟಣದ ತನ್ನ ಅಂಗಡಿಯಲ್ಲಿ ಇದ್ದಿನಬ್ಬ ಒಂದು ಚಿತ್ರಕ್ಕೆ ಫ್ರೇಮ್ ಹಾಕುತ್ತ, ಅದರಲ್ಲಿರುವುದನ್ನು ಅವರಿಗೆ ಬಣ್ಣಿಸಿ ಹೇಳುತ್ತಿದ್ದ. ನೂರು ವರ್ಷಕ್ಕೂ ಹಿಂದೆ ಯಾರೋ ಇಂಗ್ಲಿಷರವನು ಬರೆದದ್ದರ ಪ್ರತಿ ಅದು. ಮತ್ಸ್ಯಕನ್ಯೆಯೊಬ್ಬಳು ನಾವಿಕನ ಸೊಂಟ ತಬ್ಬಿ ತಳಕ್ಕಿಳಿಯುತ್ತಿದ್ದಳು. ಬೆಳಗಿನಿಂದ ಅವಳನ್ನೇ ನೋಡುತ್ತಿದ್ದ ಇದ್ದಿನಬ್ಬನಿಗೆ ಕುತೂಹಲವಾಯಿತು. “ಅವನ ಮುಖ ಯಾಕೆ ಹಾಜಿ?”

“ಮುತ್ತಿಗೆ ಇಳಿದ ನನ್ನ ತಮ್ಮ ಮುಳುಗಿಹೋದ ದಿನ ದೋಣಿಯಲ್ಲಿ ಅವನ ಹಗ್ಗ ಹಿಡಿದವನು ನಾನೇ. ಎಳೆದರೆ ಬರೀ ಹಗ್ಗ ಬಂತು.”

ಇದ್ದಿನಬ್ಬ ಕನ್ನಡಕ ಸರಿಮಾಡಿಕೊಂಡು ಬಾಗಿದ. “ಕಣ್ಣು ಮುಚ್ಚಿದ್ದಾನೆ. ನಿದ್ದೆ ಬಂದವನ ಹಾಗೆ ಉಂಟು. ಹೆದರಿಕೆ ಕಾಣುವುದಿಲ್ಲ.”

“ಹಾಗಾದರೆ ಇದನ್ನು ಬರೆದವನು ಕಡಲ ತಳ ನೋಡಿದವನಲ್ಲ,” ಎಂದು ಹಾಜಿ ಎದ್ದು ಬಾಗಿಲವರೆಗೆ ಹೋಗಿ ನಿಂತರು. “ಇರಲಿ. ಇವನಾದರೂ ಹೆದರದೆ ಹೋಗುತ್ತಿದ್ದಾನಲ್ಲ. ನನಗೂ ಇಂಥದೊಂದು ತರಿಸಿಕೊಡು.”